ಮರ್ಫಿ ರೇಡಿಯೋ ದನಿ ಬೇಕು ಅಂದ್ರೆ ಟ್ಯೂಬ್ ಪ್ರೀಆಂಪ್ ತಗೋಬೇಕಾ?

ಧಾರವಾಡದಿಂದ ಒಬ್ರು ಉದ್ದಕ್ಕೆ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಸ್ವಲ್ಪ ಕತ್ತರಿಸಿ ಅವರ ಮಾತಲ್ಲೇ ಹಾಕ್ತೀನಿ:

"ಸರ್ ನಮಸ್ಕಾರ್ರಿ. ಅಪ್ಪಾರು ಕೂಡಿಸಿಟ್ಟ ಎಲ್‌ಪಿ ನೂರಾ ಇಪ್ಪತ್ತರ ಮ್ಯಾಲ ಅದಾವ್ರಿ, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರದ ಜಾಸ್ತಿ. ಎರಡು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ತಗೊಂಡೆ, ಅದರಾಗನ ಫೋನೋ ಸ್ಟೇಜ್ ಐತಿ, ಅದನ್ನ ಸಣ್ಣ ಕ್ಲಾಸ್ ಡಿ ಆಂಪ್‌ಗೆ ಹಚ್ಚೇನಿ, ಸ್ಪೆಕ್ ಒಳಗ ಇನ್‌ಪುಟ್ ಇಂಪೀಡೆನ್ಸ್ 10ಕೆ ಅಂತ ಬರದಾರ. ದನಿ ಸ್ವಚ್ಛ ಬರ್ತೈತಿ ಖರೆ, ಆದ್ರ ಅರ್ಧಾ ತಾಸು ಕೇಳಿದ್ರ ಕಿವಿಗೆ ಚುಚ್ಚತೈತಿ, ತಾರ ಷಡ್ಜಕ್ಕ ಹೋದಾಗಂತೂ ಕುಂದ್ರಾಕ ಆಗಂಗಿಲ್ಲ. ನಮ್ಮನ್ಯಾಗಿನ ಮರ್ಫಿ ರೇಡಿಯೋದಾಗ ಬರ್ತಿದ್ದ ಆ ಗುಂಡನ ದನಿ ಎಲ್ಲಿ ಹೋತು? ಗೆಳ್ಯಾರು ಟ್ಯೂಬ್ ಪ್ರೀಆಂಪ್ ಹಾಕು ಎಲ್ಲಾ ಸರಿ ಆಗ್ತೈತಿ ಅಂತಾರ. ಮೂರು ನೋಡೇನ್ರಿ. ಒಂದು ಆನ್‌ಲೈನ್ ಚೈನಾದ್ದು, 7,500, ಎರಡು 6ಜೆ1 ಟ್ಯೂಬ್, 12 ವೋಲ್ಟ್ ಅಡಾಪ್ಟರ್, ಫೋಟೋದಾಗ ಭಾಳ ಚಂದ ಹೊಳಿತೈತಿ. ಎರಡನೇದು ಬೆಂಗಳೂರಾಗ ಒಬ್ಬರು ಕೈಲೆ ಕಟ್ಟಿ ಕೊಡೋದು, 12ಎಎಕ್ಸ್7 ಎರಡು, 38,000 ಹೇಳ್ಯಾರ. ಮೂರನೇದು ಜಪಾನಿಂದ ಬಂದ ಎಪ್ಪತ್ತರ ದಶಕದ್ದು, 72,000. ಯಾವುದಕ್ಕ ರೊಕ್ಕ ಹಾಕ್ಲಿ? ಟ್ಯೂಬ್ ವರ್ಷಾ ಬದಲಿ ಮಾಡ್ಬೇಕು ಅಂತಾರ, ಅದೂ ಖರೇನ?"

ಹೊಸಬರಿಗೆ ಮೊದಲು ಒಂದು ಮಾತು: ಸ್ಪೀಕರ್ ಓಡಿಸೋದು ಪವರ್ ಆಂಪ್, ಕ್ಲಾಸ್ ಡಿ ಅನ್ನೋದು ಅದರದ್ದೇ ಈಗಿನ ಒಂದು ಬಗೆ. ಅದಕ್ಕೆ ಹೋಗೋ ಮೊದಲು ಸಿಗ್ನಲ್ ಹದ ಮಾಡೋ ಪೆಟ್ಟಿಗೆ ಪ್ರೀಆಂಪ್, ಅದರಲ್ಲಿ ಗಾಜಿನ ವಾಲ್ವ್ ಇದ್ರೆ ಟ್ಯೂಬ್ ಪ್ರೀಆಂಪ್. ಸೂಜಿಯಿಂದ ಬರೋ ಪುಟ್ಟ ಸಿಗ್ನಲ್‌ನ ಎತ್ತೋದು ಫೋನೋ ಸ್ಟೇಜ್. ನೋಡಿ, ಇದರಲ್ಲಿ ಮೂರು ಪ್ರಶ್ನೆ ಒಂದಕ್ಕೊಂದು ಗಂಟು ಬಿದ್ದಿವೆ. ದನಿ ಯಾಕೆ ಚುಚ್ಚುತ್ತೆ, ಟ್ಯೂಬ್ ಹಾಕಿದ್ರೆ ಅದು ಹೋಗುತ್ತಾ, ಹಾಕೋದೇ ಆದ್ರೆ ಈ ಮೂರರಲ್ಲಿ ಯಾವುದು. ನೀವು ಕೇಳಿರೋದು ಕೊನೇದು, ಆದ್ರೆ ಮೊದಲನೇದನ್ನ ಬಿಡಿಸದೆ ಕೊನೇದಕ್ಕೆ ದುಡ್ಡು ಸುರಿದ್ರೆ 38 ಸಾವಿರ ಕೊಟ್ಟ ಮೇಲೂ ಕಿವಿ ಚುಚ್ಚುತ್ತಾನೇ ಇರುತ್ತೆ, ಅಂಥವರನ್ನ ನಾನು ಬೆಂಚ್ ಮುಂದೆ ಕೂರಿಸಿಕೊಂಡು ಟೀ ಕೊಟ್ಟು ಸಮಾಧಾನ ಮಾಡಿ ಕಳಿಸಿದ್ದೀನಿ, ಒಬ್ಬಿಬ್ಬರಲ್ಲ.

ಮರ್ಫಿಯಿಂದಾನೇ ಶುರು ಮಾಡೋಣ. ನಾನು ಕೈ ಇಟ್ಟ ಮೊದಲ ರಿಪೇರಿಗಳೇ ಅವು, ಮರ್ಫಿ, ಫಿಲಿಪ್ಸ್, ಮೇಲೆ ಕ್ರೋಷಾ ಬಟ್ಟೆ ಹೊದಿಸಿ ಹಾಲ್‌ನಲ್ಲಿ ಇಟ್ಟಿರ್ತಿದ್ದ ಸೆಟ್‌ಗಳು. ಆಗ ಟ್ಯೂಬ್ ಅಂತ ಯಾರೂ ಅಂತಿರಲಿಲ್ಲ, ವಾಲ್ವ್ ಸೆಟ್ ಅಂತಿದ್ವಿ, ಟ್ಯೂಬ್ ಅಂದ್ರೆ ಟ್ಯೂಬ್‌ಲೈಟು. ಆ ಗುಂಡನೆ ದನಿ ಎಲ್ಲಿಂದ ಬರ್ತಿತ್ತು ಅಂದ್ರೆ, ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಕೇಳಿದಾಗ ನಿಮ್ಮ ಮನೆಗೆ ತಲುಪ್ತಿದ್ದದ್ದೇ ಹೆಚ್ಚೂಕಮ್ಮಿ 5 ಕಿಲೋಹರ್ಟ್ಸ್ ತನಕದ ದನಿ, ಅದರ ಮೇಲಿನ ಚೂಪು ಪೂರ್ತಿ ದಾರೀಲೇ ಕತ್ತರಿಸಿ ಹೋಗಿರ್ತಿತ್ತು. ಆಮೇಲೆ ಮರದ ಪೆಟ್ಟಿಗೆ, ಅದರಲ್ಲಿ ಕಾಗದದ ಕೋನ್ ಇರೋ ದೊಡ್ಡ ಸ್ಪೀಕರ್, ಒಂದೇ ಒಂದು ಇಎಲ್84 ಅಥವಾ ಇಸಿಎಲ್82 ಔಟ್‌ಪುಟ್ ವಾಲ್ವು, ಅದಕ್ಕೊಂದು ಪುಟ್ಟ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸಾಲದು ಅಂತ ಟೋನ್ ನಾಬ್ ಯಾವಾಗಲೂ ಎಡಕ್ಕೆ ತಿರುಗಿಸಿರೋದು. ಇಷ್ಟೂ ಸೇರಿ ಆ ದನಿ. ಇವತ್ತು ಪವರ್ ಆಂಪ್‌ಗಿಂತ ಮೊದಲು ಎರಡು ಸಣ್ಣ ಟ್ಯೂಬ್ ಕೂರಿಸಿದ್ರೆ ಮರ್ಫಿ ಬರಲ್ಲ ಸ್ವಾಮಿ. ನಿಮ್ಮ ಆಂಪ್‌ನಲ್ಲಿ ಟ್ರೆಬಲ್ ನಾಬ್ ಇದ್ರೆ ಸುಮ್ನೆ ಹಿಂದಕ್ಕೆ ತಿರುಗಿಸಿ ಒಂದು ಸಂಜೆ ಕೇಳಿ, ಅರ್ಧ ಮರ್ಫಿ ಅಲ್ಲೇ ಸಿಗುತ್ತೆ, ಖರ್ಚು ಸೊನ್ನೆ.

ಹಾಗಂತ ಟ್ಯೂಬ್‌ನಿಂದ ಏನೂ ಬದಲಾಗಲ್ಲ ಅಂತಲ್ಲ. ಟ್ರಯೋಡ್ ಅನ್ನೋ ಸರಳ ಬಗೆಯ ಟ್ಯೂಬ್ ಸೇರಿಸೋ ಡಿಸ್ಟಾರ್ಷನ್‌ನಲ್ಲಿ, ಅಂದ್ರೆ ಮೂಲದಲ್ಲಿಲ್ಲದ ದನಿಯಲ್ಲಿ, ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಫ್ರೀಕ್ವೆನ್ಸಿ) ಮುಂದಿರುತ್ತೆ. ನಿಮಗೆ ಸಂಗೀತ ಗೊತ್ತು, ಸುಲಭವಾಗಿ ಅರ್ಥ ಆಗುತ್ತೆ, ಷಡ್ಜ ಹಿಡಿದ್ರೆ ಎರಡನೇ ಹಾರ್ಮೋನಿಕ್ ಅಂದ್ರೆ ಮೇಲಿನ ಷಡ್ಜ, ಮೂರನೇದು ಅದರ ಮೇಲಿನ ಪಂಚಮ, ಇವೆಲ್ಲ ತಂಬೂರಿಯಲ್ಲೇ ಇರೋವು, ಅದಕ್ಕೆ ಕಿವಿ ಬೇಡ ಅನ್ನಲ್ಲ. ಏಳನೇದು ಒಂಬತ್ತನೇದು ಹೆಚ್ಚಾದ್ರೆ ಶ್ರುತಿಗೆ ಕೂಡಲ್ಲ, ಒರಟು ಅನ್ಸುತ್ತೆ. ಆದ್ರೆ ಚೆನ್ನಾಗಿ ಕಟ್ಟಿದ ಟ್ಯೂಬ್ ಪ್ರೀಆಂಪ್‌ನಲ್ಲಿ ಒಟ್ಟು ಡಿಸ್ಟಾರ್ಷನ್ನೇ 0.1 ಪರ್ಸೆಂಟ್ ಒಳಗೆ ಇರುತ್ತೆ, ಅಷ್ಟಕ್ಕೆ ನಿಮ್ಮ ಕಿವಿ ಚುಚ್ಚೋದು ನಿಲ್ಲಲ್ಲ. ಜಾಸ್ತಿ "ವಾರ್ಮ್" ಆಗಿ ಕೇಳಿಸ್ತಿದೆ ಅಂದ್ರೆ ಬಹಳ ಸಲ ಅದು ಟ್ಯೂಬ್ ಗುಣ ಅಲ್ಲ, ಎಲ್ಲೋ ಮೇಲಿನ ಫ್ರೀಕ್ವೆನ್ಸಿ ಸೋರಿ ಹೋಗ್ತಿದೆ ಅಂತ.

ಹಾಗಾದ್ರೆ ಚುಚ್ಚೋದು ಯಾಕೆ? ಒಂದು ಕೆಲಸ ಮಾಡಿ. ಯಾವುದಾದ್ರೂ ಎಲ್‌ಪಿ ಹಾಕಿ ಸೈಡ್‌ನ ಮೊದಲ ಐದು ನಿಮಿಷ ಕೇಳಿ, ಆಮೇಲೆ ಲೇಬಲ್ ಹತ್ತಿರದ ಕೊನೇ ಐದು ನಿಮಿಷ ಕೇಳಿ. ಕೊನೇಲಿ ಜಾಸ್ತಿ ಚುಚ್ಚಿದ್ರೆ ತಪ್ಪು ಸೂಜಿಯದ್ದು, ಇಲ್ಲ ಅದು ಕೂತಿರೋ ಕೋನದ್ದು. ಹೊರ ಅಂಚಲ್ಲಿ ಗ್ರೂವ್, ಅಂದ್ರೆ ದನಿ ಕೊರೆದ ಗೆರೆ, ಸೂಜಿ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತೆ, ಲೇಬಲ್ ಹತ್ತಿರ ಬರೋ ಹೊತ್ತಿಗೆ 20ರ ಆಸುಪಾಸು, ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿರುತ್ತೆ, ಸವೆದ ಸೂಜಿಗೆ ಅದನ್ನ ಓದೋಕೆ ಆಗಲ್ಲ, ತಾರ ಸ್ಥಾಯಿ ಬಂದ ಕೂಡ್ಲೇ ಕಿರುಚುತ್ತೆ. ಮಾಮೂಲಿ ಎಲಿಪ್ಟಿಕಲ್ ಸ್ಟೈಲಸ್‌ನ, ಅಂದ್ರೆ ಇದೇ ಸೂಜಿಯ, ಆಯಸ್ಸು 500ರಿಂದ 1,000 ಗಂಟೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್, ಅದರ ಹಳೇ ಯಜಮಾನ ಎಷ್ಟು ಗಂಟೆ ಓಡಿಸಿದ್ದ ಅಂತ ದೇವರಿಗೇ ಗೊತ್ತು, ನೀವು ಬೇರೆ ಎರಡು ವರ್ಷ ಓಡಿಸಿದ್ದೀರಿ. ಸವೆದ ಸೂಜಿ ಕಿವಿ ಚುಚ್ಚೋದಷ್ಟೇ ಅಲ್ಲ, ಅಪ್ಪಾಜಿಯವರ ಎಲ್‌ಪಿಯನ್ನೂ ಕೆರೆದು ಹಾಳು ಮಾಡುತ್ತೆ, ಅದು ವಾಪಸ್ ಬರಲ್ಲ. ಅದಕ್ಕೆ ಮೊದಲ ಖರ್ಚು ಅಲ್ಲಿಗೆ, ಪ್ರೀಆಂಪ್ ವಿಚಾರ ಆಮೇಲೆ.

ಸರಿ, ಸೂಜಿ ಬದಲಾಯಿಸಿದ್ರಿ, ಚುಚ್ಚೋದು ನಿಂತ್ತು, ಆದ್ರೂ ಟ್ಯೂಬ್ ಬೇಕು ಅಂತ ಆಸೆ. ತಪ್ಪೇನಿಲ್ಲ, ನನಗೂ ಇದೆ ಆ ಹುಚ್ಚು. ಈಗ ಗುಣ ಹೇಗೆ ನೋಡೋದು ಅಂತ ಹೇಳ್ತೀನಿ.

ಹೊಳೆಯೋದಕ್ಕೂ ಗುಣಕ್ಕೂ ಸಂಬಂಧ ಇಲ್ಲ. ಕೆಂಪಗೆ ಕಾಣೋದು ಒಳಗಿನ ಹೀಟರ್, ಕೆಲವು ಒಳ್ಳೆ ಟ್ಯೂಬ್‌ಗಳಲ್ಲಿ ಅದು ಕಣ್ಣಿಗೆ ಬೀಳೋದೇ ಕಷ್ಟ. ಫೋಟೋದಲ್ಲಿ ಕಿತ್ತಳೆ ಬಣ್ಣ ಜೋರಾಗಿ ಹೊಡೀತಾ ಇದ್ರೆ ಟ್ಯೂಬ್ ಕೆಳಗೆ ಎಲ್‌ಇಡಿ ಇಟ್ಟಿರ್ತಾರೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಇಂಥದ್ದೇ ಪುಟ್ಟ ಬಾಕ್ಸ್ ತಂದ, ಯಾವ ಕಂಪನಿ ಅಂತ ಬೇಡ ಬಿಡಿ, ಒಂದು ಚಾನೆಲ್ ದನಿ ಸಣ್ಣಗೆ ಬರ್ತಿದೆ ಅಂತ ಕಂಪ್ಲೇಂಟು. ಆಫ್ ಮಾಡಿ ಎರಡೂ ಟ್ಯೂಬ್ ಕಿತ್ತು ಟೇಬಲ್ ಮೇಲಿಟ್ಟೆ, ಸಾಕೆಟ್ ಕ್ಲೀನ್ ಮಾಡೋಣ ಅಂತ. ಅಷ್ಟರಲ್ಲಿ ಆ ಹುಡುಗ ಗೊತ್ತಿಲ್ಲದೆ ಸ್ವಿಚ್ ಹಾಕಿಬಿಟ್ಟ, ಫೋನ್ ಕನೆಕ್ಟ್ ಆಗೇ ಇತ್ತು, ಹಾಡು ಬಂತು ನೋಡಿ! ಟ್ಯೂಬ್ ಟೇಬಲ್ ಮೇಲಿದೆ, ಹಾಡು ಸ್ಪೀಕರ್‌ನಲ್ಲಿದೆ, ಎಲ್‌ಇಡಿ ಖಾಲಿ ಸಾಕೆಟ್‌ನಲ್ಲಿ ಕಿತ್ತಳೆ ಬಣ್ಣ ಹೊಳೀತಿದೆ. ಒಳಗೆ ಆಪ್‌ಆಂಪ್ ಅನ್ನೋ ಪುಟ್ಟ ಆಂಪ್ಲಿಫೈಯರ್ ಐಸಿ ಕೆಲಸ ಮಾಡ್ತಿತ್ತು, ಟ್ಯೂಬ್ ದೇವರ ಪಟದ ಮುಂದಿನ ಸೀರಿಯಲ್ ಸೆಟ್ ಥರ. ಎಲ್ಲಾ ಸಣ್ಣ ಬಾಕ್ಸ್ ಹೀಗೇ ಅಂತ ಹೇಳ್ತಿಲ್ಲ, ನೀವು ನೋಡಿರೋ 6ಜೆ1 ಥರದವುಗಳಲ್ಲಿ ಬಹಳಷ್ಟರಲ್ಲಿ ಸಿಗ್ನಲ್ ಟ್ಯೂಬ್ ಮೂಲಕಾನೇ ಹೋಗುತ್ತೆ. ಆದ್ರೆ ಅಲ್ಲಿ ಬೇರೆ ತೊಂದರೆ.

ಆ ತೊಂದರೆ ವೋಲ್ಟೇಜ್‌ದು. 12ಎಎಕ್ಸ್7 ಥರದ ಟ್ಯೂಬ್‌ಗೆ ನೆಮ್ಮದಿಯಾಗಿ ಕೆಲಸ ಮಾಡೋಕೆ 150ರಿಂದ 300 ವೋಲ್ಟ್ ಡಿಸಿ ಬೇಕು. 12 ವೋಲ್ಟ್ ಅಡಾಪ್ಟರ್‌ನ ಬಾಕ್ಸ್‌ನಲ್ಲಿ ಅದನ್ನ ವೋಲ್ಟೇಜ್ ಏರಿಸೋ ಡಬ್ಲರ್ ಸರ್ಕ್ಯೂಟ್ ಹಾಕಿ ಎಳೆದೂ ಎಳೆದು ಮೂವತ್ತು ವೋಲ್ಟ್ ಆಸುಪಾಸು ಮಾಡಿರ್ತಾರೆ. ಅಷ್ಟರಲ್ಲಿ ಟ್ಯೂಬ್ ಬದುಕಿರುತ್ತೆ, ಅಷ್ಟೇ. ಸಣ್ಣ ಸಿಗ್ನಲ್ ಇದ್ದಾಗ ಪರವಾಗಿಲ್ಲ, ಸಿಗ್ನಲ್ ಸ್ವಲ್ಪ ಏರಿದ್ರೆ ತುದಿ ಚಪ್ಪಟೆ ಆಗುತ್ತೆ, ಡಿಸ್ಟಾರ್ಷನ್ ಎದ್ದು ಕಾಣುತ್ತೆ, ಅದನ್ನೇ ಜನ "ಟ್ಯೂಬ್ ಸೌಂಡ್" ಅಂತ ಖುಷಿ ಪಡ್ತಾರೆ. ಎಲ್ಲಾ ಲೋ ವೋಲ್ಟೇಜ್ ಡಿಸೈನೂ ಕೆಟ್ಟದ್ದಲ್ಲ, ಅದಕ್ಕೆಂದೇ ಮಾಡಿದ ಟ್ಯೂಬ್‌ಗಳೂ ಇವೆ, ಹಳೇ ಕಾರ್ ರೇಡಿಯೋಗೆ 12 ವೋಲ್ಟ್‌ನಲ್ಲೇ ಓಡೋ ವಾಲ್ವ್ ಬರ್ತಿತ್ತು. ಆದ್ರೆ 7,500ಕ್ಕೆ ಅಷ್ಟು ತಲೆ ಯಾರೂ ಓಡಿಸಿರಲ್ಲ.

ಟ್ಯೂಬ್ ಪ್ರೀಆಂಪ್‌ನಲ್ಲಿ ದುಡ್ಡು ಹೋಗಬೇಕಾಗಿರೋದು ಟ್ಯೂಬ್‌ಗಲ್ಲ, ಅದರ ಸುತ್ತ ಇರೋದಕ್ಕೆ. ಟ್ರಾನ್ಸ್‌ಫಾರ್ಮರ್, ಪವರ್ ಸಪ್ಲೈ, ವಾಲ್ಯೂಮ್ ಪಾಟ್ (ವಾಲ್ಯೂಮ್ ನಾಬ್ ಹಿಂದಿನ ಭಾಗ), ವೈರಿಂಗ್. ಎತ್ತಿ ನೋಡಿ ಅಂತ ಹೇಳ್ತೀನಿ ನಾನು ಯಾವಾಗಲೂ, ನಗಾಡ್ತಾರೆ, ಆದ್ರೆ ತೂಕ ಸುಳ್ಳು ಹೇಳೋದು ಕಮ್ಮಿ. ಮುಂದಿನ ಪ್ಯಾನೆಲ್ ಒಂದಿಂಚು ದಪ್ಪ ಅಲ್ಯೂಮಿನಿಯಂ ಹಾಕಿ ತೂಕ ಬರಿಸೋರೂ ಇದ್ದಾರೆ, ಅದಕ್ಕೆ ಹಿಂದಿನ ಮೂಲೆ ಎತ್ತಿ ನೋಡಿ, ಟ್ರಾನ್ಸ್‌ಫಾರ್ಮರ್ ಸಾಮಾನ್ಯ ಅಲ್ಲೇ ಕೂತಿರುತ್ತೆ.

ಟ್ರಾನ್ಸ್‌ಫಾರ್ಮರ್ ಅಂದಾಗ ನಮ್ಮ ಕರೆಂಟ್ ವಿಷಯ ಹೇಳ್ಲೇಬೇಕು. 220 ವೋಲ್ಟ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಇರೋ ಸೆಟ್‌ನ ನಮ್ಮ ಮನೆ ಪ್ಲಗ್‌ಗೆ ಹಾಕ್ತೀವಿ, ರಾತ್ರಿ ಹನ್ನೊಂದರ ಮೇಲೆ ಮೀಟರ್ ಇಟ್ಟು ನೋಡಿದ್ರೆ ಎಷ್ಟೋ ಏರಿಯಾದಲ್ಲಿ 245 ತೋರಿಸುತ್ತೆ. ಅಂದ್ರೆ ಒಳಗೆ ಎಲ್ಲಾ ವೋಲ್ಟೇಜೂ 11 ಪರ್ಸೆಂಟ್ ಜಾಸ್ತಿ, 6.3 ಇರಬೇಕಾದ ಹೀಟರ್ 7 ವೋಲ್ಟ್ ಆಗುತ್ತೆ. ಹೀಟರ್‌ಗೆ ಐದು ಪರ್ಸೆಂಟ್ ಆಚೀಚೆ ಆದ್ರೆ ನಿಶ್ಚಿಂತೆ, ಹತ್ತು ದಾಟಿದ್ರೆ ಟ್ಯೂಬ್ ಆಯಸ್ಸು ಕರಗೋಕೆ ಶುರು. ವರ್ಷಕ್ಕೊಂದು ಸೆಟ್ ಟ್ಯೂಬ್ ಬೇಕು ಅಂತ ನಿಮ್ಮ ಗೆಳೆಯರು ಹೇಳಿದ್ದು ಇಂಥ ಸೆಟ್ ಇಟ್ಟುಕೊಂಡವರ ಅನುಭವ ಇರಬಹುದು. ಸರಿಯಾದ ವೋಲ್ಟೇಜ್‌ನಲ್ಲಿ ಓಡಿದ್ರೆ ಪ್ರೀಆಂಪ್‌ನ ಸಣ್ಣ ಟ್ಯೂಬ್ 5,000 ಗಂಟೆ ಆರಾಮಾಗಿ ಬರುತ್ತೆ, 10,000 ದಾಟೋದೂ ಉಂಟು. ದಿನಕ್ಕೆ ಮೂರು ಗಂಟೆ ಕೇಳಿದ್ರೆ ವರ್ಷಕ್ಕೆ ಸಾವಿರದ ಚಿಲ್ಲರೆ ಗಂಟೆ, ನಾಲ್ಕೂವರೆ ಐದು ವರ್ಷಕ್ಕೆ ಯಾವ ಮೋಸವೂ ಇಲ್ಲ. ಪವರ್ ಆಂಪ್‌ನ ದೊಡ್ಡ ಟ್ಯೂಬ್ ಬೇಗ ಹೋಗ್ತವೆ, ಅದನ್ನ ಇದಕ್ಕೂ ಅಂಟಿಸಿ ಮಾತಾಡ್ತಾರೆ.

ಈಗ ನಿಮ್ಮ ಕೇಸ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಯಾವ ಅಂಗಡಿಯವನೂ ನಿಮಗೆ ಹೇಳದೇ ಇರೋದು, ಆ 10ಕೆ. ನೀವು ಅದನ್ನ ಬರೆದದ್ದು ಪುಣ್ಯ. 10ಕೆ ಅಂದ್ರೆ 10,000 ಓಮ್, ಇಂಪೀಡೆನ್ಸ್ ಅಂದ್ರೆ ಸಿಗ್ನಲ್‌ಗೆ ಎದುರಾಗೋ ತಡೆ. ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ ಅಂದ್ರೂ ಹತ್ತು ಪಟ್ಟು ಇರಬೇಕು ಅಂತ ನಮ್ಮ ಬೆಂಚ್ ಲೆಕ್ಕ. ಹಳೇ ಕಾಲದ ಟ್ಯೂಬ್ ಪವರ್ ಆಂಪ್‌ಗಳು 100ಕೆ, ಅದಕ್ಕಿಂತ ಜಾಸ್ತಿಯೂ ಇರ್ತಿದ್ವು, ಹಾಗಾಗಿ ಏನು ಹಚ್ಚಿದ್ರೂ ನಡೀತಿತ್ತು. ಈಗಿನ ಕ್ಲಾಸ್ ಡಿ ಆಂಪ್‌ಗಳು 10ಕೆ, 20ಕೆ. 12ಎಎಕ್ಸ್7 ಟ್ಯೂಬ್‌ನ ಪ್ಲೇಟ್‌ನ (ಸಿಗ್ನಲ್ ಹೊರಬರೋ ತುದಿಯ) ಒಳಗಿನ ರೆಸಿಸ್ಟೆನ್ಸೇ ಅರವತ್ತು ಕೆ ಚಿಲ್ಲರೆ, 100ಕೆ ಲೋಡ್ ಹಾಕಿ ಪ್ಲೇಟ್‌ನಿಂದ ನೇರ ಔಟ್‌ಪುಟ್ ತೆಗೆದ್ರೆ ಔಟ್‌ಪುಟ್ ಇಂಪೀಡೆನ್ಸ್ 38ಕೆ ಆಗುತ್ತೆ. ಅದನ್ನ ನಿಮ್ಮ 10ಕೆ ಆಂಪ್‌ಗೆ ಹಚ್ಚಿದ್ರೆ ಐದರಲ್ಲಿ ನಾಲ್ಕು ಪಾಲು ಸಿಗ್ನಲ್ ಟ್ಯೂಬ್ ಒಳಗೇ ಸತ್ತು ಹೋಗುತ್ತೆ, ಉಳಿದ ಒಂದು ಪಾಲು ಡಿಸ್ಟಾರ್ಷನ್ ಸಮೇತ ಹೊರಗೆ ಬರುತ್ತೆ. ಒಂದು ಲೋಟ ಕಾಫಿ ಹಾಕಿ ಕಾಲು ಲೋಟಕ್ಕೂ ಕಮ್ಮಿ ಕೊಟ್ಟ ಹಾಗೆ. ಅದಕ್ಕೆ ಕೊನೇ ಹಂತದಲ್ಲಿ ಕ್ಯಾಥೋಡ್ ಫಾಲೋಯರ್ ಅಂತ ಹಾಕ್ತಾರೆ, ಅದು ಗೇನ್ ಕೊಡಲ್ಲ, ಅಂದ್ರೆ ಸಿಗ್ನಲ್‌ನ ದೊಡ್ಡದು ಮಾಡಲ್ಲ, ಔಟ್‌ಪುಟ್ ಇಂಪೀಡೆನ್ಸ್‌ನ 1ಕೆಗಿಂತ ಕೆಳಗೆ ಇಳಿಸುತ್ತೆ. 1958ರ ಮರಾಂಟ್ಜ್ 7 ಪ್ರೀಆಂಪ್‌ನಲ್ಲಿ ಆರು 12ಎಎಕ್ಸ್7 ಇದ್ದದ್ದು ಸುಮ್ನೆ ಶೋಕಿಗಲ್ಲ, ಅದರಲ್ಲೂ ಕೊನೇಲಿ ಕ್ಯಾಥೋಡ್ ಫಾಲೋಯರ್ ಇದೆ. ನಿಮ್ಮ ಬೆಂಗಳೂರಿನವರು ಎರಡೇ ಟ್ಯೂಬ್ ಅಂದಿದ್ದಾರೆ, ಒಂದೊಂದರಲ್ಲಿ ಎರಡೆರಡು ಟ್ರಯೋಡ್ ಇರೋದ್ರಿಂದ ಒಂದು ಚಾನೆಲ್‌ಗೆ ಎರಡು ಸಿಗುತ್ತೆ, ಒಂದು ಗೇನ್‌ಗೆ ಒಂದು ಫಾಲೋಯರ್‌ಗೆ ಅಂತ ಹಾಕಿದ್ದಾರಾ, ಅಥವಾ ಎರಡನ್ನೂ ಗೇನ್‌ಗೇ ಹಾಕಿದ್ದಾರಾ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಅವರು ಹೇಗೆ ಉತ್ತರ ಕೊಡ್ತಾರೆ ಅನ್ನೋದರಲ್ಲೇ ಅವರ ಕೆಲಸ ಅರ್ಧ ಗೊತ್ತಾಗಿಬಿಡುತ್ತೆ.

ಇದಕ್ಕೇ ಸೇರಿದ ಇನ್ನೊಂದು, ಔಟ್‌ಪುಟ್ ಕಪ್ಲಿಂಗ್ ಕೆಪಾಸಿಟರ್. ಟ್ಯೂಬ್‌ನ ಹೈ ವೋಲ್ಟೇಜ್ ನಿಮ್ಮ ಆಂಪ್‌ಗೆ ಹೋಗದ ಹಾಗೆ ತಡೆಯೋದು ಅದು. ಅದು ಚಿಕ್ಕದಾಗಿದ್ದು ಎದುರಿಗಿನ ಇಂಪೀಡೆನ್ಸ್ ಕಡಿಮೆ ಇದ್ರೆ ಬೇಸ್ ಕತ್ತರಿಸುತ್ತೆ. 0.22 ಮೈಕ್ರೋಫ್ಯಾರಡ್ ಹಾಕಿದ್ದಾರೆ ಅನ್ನಿ, 100ಕೆ ಆಂಪ್‌ಗೆ ಅದು 7 ಹರ್ಟ್ಸ್ ತನಕ ಇಳಿಯುತ್ತೆ, ಸಾಕೋ ಸಾಕು. ಅದೇ ಡಬ್ಬಿ ನಿಮ್ಮ 10ಕೆಗೆ ಹಚ್ಚಿದ್ರೆ 72 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಕೆಳಗೆ. ತಬಲಾದ ಡಗ್ಗಾ ಗುಂಕಾರ ಅಲ್ಲೇ ಇರೋದು, ಅದು ತೆಳ್ಳಗಾಗುತ್ತೆ, ನೀವು ಟ್ಯೂಬ್ ಹಾಕಿದ್ದು ದನಿ ದುಂಡಗಾಗಲಿ ಅಂತ, ಆದದ್ದು ಉಲ್ಟಾ. 2.2 ಮೈಕ್ರೋಫ್ಯಾರಡ್ ಹಾಕಿಸಿದ್ರೆ ಮತ್ತೆ 7 ಹರ್ಟ್ಸ್. ಒಳ್ಳೆ ಪಾಲಿಪ್ರೊಪಿಲೀನ್ ಕೆಪಾಸಿಟರ್ ಸಾಕು, ಬೆಳ್ಳಿ ತಗಡಿಂದು, ಎಣ್ಣೇಲಿ ಅದ್ದಿದ್ದು ಅಂತ ಒಂದೊಂದಕ್ಕೆ ಸಾವಿರಗಟ್ಟಲೆ ಕೀಳೋದು ಬೇಡ, ಅದೇ ದುಡ್ಡು ಪವರ್ ಸಪ್ಲೈಗೆ ಹಾಕಿ ಅನ್ನಿ. (ಇದನ್ನ ಓದಿ ಬೈಯೋರು ಇದ್ದಾರೆ ನಂಗೊತ್ತು, ಬೈಲಿ.)

ಗೇನ್ ಜಾಸ್ತಿ ಇದ್ರೆ ಒಳ್ಳೇದು ಅನ್ನೋದೂ ತಪ್ಪು. ಸಿಡಿ ಪ್ಲೇಯರ್, ಡಿಎಸಿ (ಡಿಜಿಟಲ್ ಹಾಡನ್ನ ಆಡಿಯೋ ಸಿಗ್ನಲ್ ಮಾಡೋ ಪೆಟ್ಟಿಗೆ) ಎಲ್ಲ 2 ವೋಲ್ಟ್ ಕೊಡ್ತವೆ, ಬಹಳಷ್ಟು ಪವರ್ ಆಂಪ್‌ಗೆ ಅಷ್ಟೂ ಬೇಕಾಗಲ್ಲ, ಅದನ್ನ ಹತ್ತು ಪಟ್ಟು ಮಾಡಿದ್ರೆ ವಾಲ್ಯೂಮ್ ಎಂಟೂವರೆ ಗಂಟೆ ಮುಳ್ಳಿನ ಹತ್ತಿರಾನೇ ಸಾಕಾಗುತ್ತೆ, ಅಲ್ಲಿ ಪಾಟ್‌ನ ಎಡ ಬಲ ಸಮ ಇರಲ್ಲ, ಹಿಸ್ ಬೇರೆ. ನಿಮಗೆ ಎರಡು ಮೂರು ಪಟ್ಟು ಸಾಕು.

ಇನ್ನು ಟ್ಯೂಬ್‌ನ ಜಾತಕ. ಹಳೇ ಸ್ಟಾಕ್ ಮಲ್ಲಾರ್ಡ್, ಟೆಲಿಫುಂಕನ್ ಹಾಕಿದ್ದೀವಿ ಅಂತ ಹತ್ತು ಸಾವಿರ ಜಾಸ್ತಿ ಕೇಳಿದ್ರೆ ಹುಷಾರು. ಮಲ್ಲಾರ್ಡ್‌ನ ಹಳೇ ಫ್ಯಾಕ್ಟರಿ ಇಂಗ್ಲೆಂಡಿನ ಬ್ಲಾಕ್‌ಬರ್ನ್‌ನಲ್ಲಿತ್ತು, ಈಗ ಹೊಸ ಡಬ್ಬಿ ಮೇಲೆ ಮಲ್ಲಾರ್ಡ್ ಅಂತ ಇದ್ರೆ ಅದು ರಷ್ಯಾದ ಸರಾಟೋವ್‌ದು, ಹೆಸರು ಮಾತ್ರ ಹಳೇದು. ಹಾಗಂತ ಅದು ಕೆಟ್ಟ ಟ್ಯೂಬ್ ಅಲ್ಲ, ಹಳೇದರ ರೇಟ್ ಕೊಡಬಾರದು ಅಷ್ಟೇ. ಸ್ಲೊವಾಕಿಯಾದ ಜೆಜೆ ಕೂಡ ದಿನಬಳಕೆಗೆ ಚೆನ್ನಾಗಿದೆ. 2022ರಲ್ಲಿ ರಷ್ಯಾದಿಂದ ಬರೋದಕ್ಕೆ ತಡೆ ಬಿದ್ದಾಗ ರೇಟ್ ಎಲ್ಲ ಏರಿತ್ತು. ಹಳೇ ಟ್ಯೂಬ್ ನೋಡುವಾಗ ಗಾಜಿನ ಮೇಲಿನ ಅಕ್ಷರ ನಂಬಬೇಡಿ, ಅದನ್ನ ಯಾರು ಬೇಕಾದ್ರೂ ಪ್ರಿಂಟ್ ಮಾಡ್ತಾರೆ. ತುದೀಲಿ ಕನ್ನಡಿ ಥರ ಬೆಳ್ಳಗೆ ಹೊಳೆಯೋ ಮಚ್ಚೆ ಇರುತ್ತಲ್ಲ, ಗೆಟರ್ ಅಂತಾರೆ, ಅದು ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ಗಾಳಿ ಹೋಗಿದೆ, ಟ್ಯೂಬ್ ಕಸದ ಬುಟ್ಟಿಗೆ. ನಮ್ಮ ಬೆಂಗಳೂರಿನ ಜಾಲಹಳ್ಳಿ ಬಿಇಎಲ್ 1961ರಲ್ಲಿ ರೇಡಿಯೋಗೆ ಹಾಕೋ ರಿಸೀವಿಂಗ್ ವಾಲ್ವ್ ಮಾಡೋಕೆ ಶುರು ಮಾಡ್ತು, ನಿಮ್ಮನೆ ಮರ್ಫಿಯಲ್ಲೂ ಒಂದೆರಡು ಬಿಇಎಲ್ ವಾಲ್ವ್ ಇದ್ದಿರಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರೋಡ್‌ನಲ್ಲಿ ನಾನು ಅವನ್ನ ರಟ್ಟಿನ ಡಬ್ಬಿ ಸಮೇತ ರಾಶಿಯಲ್ಲಿ ನೋಡಿದ್ದೀನಿ, ಬೇಡ ಅಂತ ಬಿಟ್ಟೂ ಬಂದಿದ್ದೀನಿ, ಈಗ ಅದನ್ನ ನೆನೆದ್ರೆ ಹೊಟ್ಟೆ ಉರಿಯುತ್ತೆ ಬಿಡಿ.

ನಿಮ್ಮ ಮೂರಕ್ಕೆ ಬರ್ತೀನಿ. 7,500ದು ಆಟದ ಸಾಮಾನು ಅಂತ ತಿಳಿದು ತಗೊಂಡ್ರೆ ಬೇಜಾರಿಲ್ಲ, ಹೈ ವೋಲ್ಟೇಜ್ ಇಲ್ಲದ್ದರಿಂದ ಅಪಾಯನೂ ಇಲ್ಲ, ಆದ್ರೆ ನೀವು ಕೇಳ್ತಿರೋ ದನಿ ಅದರಲ್ಲಿಲ್ಲ. ನಾನಾದ್ರೆ ಆ ದುಡ್ಡನ್ನ ಸೂಜಿಗೆ ಹಾಕ್ತೀನಿ.

72 ಸಾವಿರದ ಜಪಾನಿ ಸೆಟ್ ನೋಡೋಕೆ ಮನಸ್ಸು ಕೆಣಕುತ್ತೆ, ಆ ಕಾಲದ ಕೈಕೆಲಸ ನಿಜಕ್ಕೂ ಚೆಂದ, ಅದರಲ್ಲಿ ಫೋನೋ ಇನ್‌ಪುಟ್ ಕೂಡ ಇರುತ್ತೆ. ಆದ್ರೆ ಜಪಾನ್ ಮಾರ್ಕೆಟ್ ಪೀಸ್ ಆದ್ರೆ 100 ವೋಲ್ಟ್‌ದು, ತಪ್ಪಿ ನೇರ ಪ್ಲಗ್‌ಗೆ ಹಾಕಿದ್ರೆ ಒಂದೇ ಸೆಕೆಂಡಿಗೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ 110ದು ಅಲ್ಲ, 100ದೇ. ಐವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರ್ತವೆ, ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗ್ತಿದ್ರೆ ಡಿಸಿ ನೇರ ನಿಮ್ಮ ಆಂಪ್‌ಗೆ ಹೋಗುತ್ತೆ. "ವರ್ಕಿಂಗ್ ಕಂಡೀಷನ್" ಅಂದ್ರೆ ದನಿ ಬರುತ್ತೆ ಅಂತ ಅಷ್ಟೇ ಅರ್ಥ. ಯಾವ್ಯಾವ ಕೆಪಾಸಿಟರ್ ಬದಲಾಗಿದೆ ಅಂತ ಒಳಗಿನ ಫೋಟೋ ಸಮೇತ ತೋರಿಸಿದ್ರೆ ಯೋಚನೆ ಮಾಡಿ, ಇಲ್ಲಾಂದ್ರೆ ಸರ್ವೀಸ್ ಖರ್ಚು ಬೇರೆ ಇಟ್ಟುಕೊಳ್ಳಿ, ಧಾರವಾಡ ಹುಬ್ಬಳ್ಳಿ ಕಡೆ ಅದನ್ನ ಬಿಚ್ಚೋ ಕೈ ಯಾರದ್ದು ಅಂತಲೂ ಮೊದಲೇ ನೋಡ್ಕೊಳ್ಳಿ. ಇನ್ನೊಂದು, ಅದರ ಫೋನೋ ಇನ್‌ಪುಟ್ ಬಳಸಿದ್ರೆ ಟರ್ನ್‌ಟೇಬಲ್ ಹಿಂದಿನ ಸ್ವಿಚ್‌ನ ಲೈನ್‌ನಿಂದ ಫೋನೋಗೆ ತಿರುಗಿಸ್ಲೇಬೇಕು, ಇಲ್ಲಾಂದ್ರೆ ಎರಡು ಫೋನೋ ಸ್ಟೇಜ್ ಒಂದರ ಹಿಂದೊಂದು ಬಿದ್ದು ದನಿ ಒಡೆದು ಚಿಂದಿ ಆಗುತ್ತೆ.

38 ಸಾವಿರದ್ದು ನನ್ನ ಓಟು, ಆದ್ರೆ ಷರತ್ತಿನ ಮೇಲೆ. ಕಟ್ಟಿದವರು ಬೆಂಗಳೂರಲ್ಲೇ, ಫೋನ್ ಎತ್ತೋ ದೂರದಲ್ಲಿದ್ದಾರೆ ಅನ್ನೋದಕ್ಕೆ ಬೆಲೆ ಇದೆ, 240 ವೋಲ್ಟ್ ಟ್ಯಾಪ್ (ಆ ವೋಲ್ಟೇಜ್‌ಗೆ ಬೇರೆ ತಂತಿ) ಇರೋ ಟ್ರಾನ್ಸ್‌ಫಾರ್ಮರ್ ಸುತ್ತಿಸಿ ಕೊಡಿ ಅಂದ್ರೆ ಕೊಡ್ತಾರೆ, 10ಕೆಗೆ ಸರಿಯಾಗಿ ಔಟ್‌ಪುಟ್ ಮಾಡಿಕೊಡಿ ಅಂದ್ರೂ ಆಗುತ್ತೆ, ಇವೆರಡೂ ಡಬ್ಬಿಯಲ್ಲಿ ಬರೋ ಸೆಟ್‌ನಲ್ಲಿ ಸಿಗಲ್ಲ. ರಿಸ್ಕ್ ಏನು ಅಂದ್ರೆ, ಒಬ್ಬರೇ ಕಟ್ಟಿದ್ದು, ನಾಳೆ ಅವರು ಕೆಲಸ ಬಿಟ್ರೆ ಬೇರೆಯವರು ರಿಪೇರಿ ಮಾಡ್ಬೇಕು, ಅದಕ್ಕೆ ಸರ್ಕ್ಯೂಟ್ ಡಯಾಗ್ರಾಮ್ ಒಂದು ಹಾಳೆ ಕೇಳಿ ಇಸ್ಕೊಳ್ಳಿ. ಇನ್ನೊಂದು ರಿಸ್ಕ್ ಸೇಫ್ಟಿ. ಒಳಗೆ 250 ವೋಲ್ಟ್ ಮೇಲೆ ಡಿಸಿ ಇರುತ್ತೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತೆ, ಅದನ್ನ ಖಾಲಿ ಮಾಡೋ ಬ್ಲೀಡರ್ ರೆಸಿಸ್ಟರ್ ಇರಬೇಕು, ಮೂರು ಪಿನ್ ಪ್ಲಗ್‌ನ ಅರ್ಥ್ ವೈರ್ ಷಾಸಿಗೆ, ಅಂದ್ರೆ ಲೋಹದ ಮೈಗೆ, ಗಟ್ಟಿಯಾಗಿ ಬೋಲ್ಟ್ ಆಗಿರಬೇಕು, ಫ್ಯೂಸ್ ಇರಬೇಕು. ನೀವೇ ಮುಚ್ಚಳ ತೆಗೆದು ಕೈ ಹಾಕೋಕೆ ಹೋಗ್ಬೇಡಿ. ಆನ್ ಆದ ಮೊದಲ ಮೂವತ್ತು ಸೆಕೆಂಡ್ ಔಟ್‌ಪುಟ್‌ನ ಕಟ್ ಮಾಡೋ ಮ್ಯೂಟ್ ರಿಲೇ ಇದೆಯಾ ಕೇಳಿ, ಇಲ್ಲಾಂದ್ರೆ ಟ್ಯೂಬ್ ಬಿಸಿ ಆಗೋವಾಗ ಬರೋ ಧಡ್ ಅನ್ನೋ ಏಟು ಸ್ಪೀಕರ್‌ಗೆ ಹೋಗುತ್ತೆ. ಹಾಕೋವಾಗ ಪ್ರೀಆಂಪ್ ಮೊದಲು ಆಂಪ್ ಕೊನೆಗೆ, ಆರಿಸೋವಾಗ ಆಂಪ್ ಮೊದಲು.

ಬೆಂಗಳೂರಿಗೆ ಬಂದಾಗ ನಿಮ್ಮ ಆಂಪ್‌ನ ಚೀಲದಲ್ಲಿ ಹಾಕ್ಕೊಂಡು ಬನ್ನಿ, ಅವರ ಆಂಪ್‌ನಲ್ಲಿ ಕೇಳಿ ಮರುಳಾಗ್ಬೇಡಿ. ಇನ್‌ಪುಟ್ ಏನೂ ಹಾಕದೆ ವಾಲ್ಯೂಮ್ ನೀವು ಸಾಮಾನ್ಯ ಕೇಳೋದಕ್ಕಿಂತ ಸ್ವಲ್ಪ ಮೇಲಿಟ್ಟು ಸ್ಪೀಕರ್‌ಗೆ ಕಿವಿ ಹತ್ತಿರ ಹಿಡಿದು ಕೇಳಿ. ಕೆಳದನಿಯಲ್ಲಿ ಊಂ ಅಂತ ಬಂದ್ರೆ 50 ಹರ್ಟ್ಸ್, ಹೀಟರ್ ಎಸಿಯಲ್ಲಿ ಓಡ್ತಿರಬಹುದು ಇಲ್ಲಾ ಅರ್ಥ್ ಲೂಪ್, ಅದಕ್ಕಿಂತ ಒಂದು ಸ್ಥಾಯಿ ಮೇಲೆ ಝುಂ ಅಂದ್ರೆ 100, ಪವರ್ ಸಪ್ಲೈ ಫಿಲ್ಟರ್ ಸಾಲದು. ಒಂದಡಿ ದೂರಕ್ಕೆ ಕೇಳಿಸದಿದ್ರೆ ಪಾಸು. ಆಮೇಲೆ ಪೆನ್ಸಿಲ್ ಹಿಂದಿನ ರಬ್ಬರ್‌ನಿಂದ ಟ್ಯೂಬ್‌ಗೆ ಮೆತ್ತಗೆ ಒಂದು ತಟ್ಟಿ, ಸ್ಪೀಕರ್‌ನಲ್ಲಿ ಟಿಣ್ ಅಂತ ಗಂಟೆ ಹೊಡೆದ ಹಾಗೆ ಎಳೆದ್ರೆ ಆ ಟ್ಯೂಬ್ ಬದಲಾಯಿಸಿ ಕೊಡೋಕೆ ಹೇಳಿ, ಸ್ವಲ್ಪ ಟಕ್ ಅಂದ್ರೆ ಅದು ಸಹಜ. ವಾಲ್ಯೂಮ್ ಪೂರ್ತಿ ಕೆಳಗಿನಿಂದ ನಿಧಾನಕ್ಕೆ ಏರಿಸಿ, ಗಾಯಕರ ದನಿ ಮಧ್ಯದಿಂದ ಎಡಕ್ಕೋ ಬಲಕ್ಕೋ ಜಾರ್ತಿದ್ರೆ ಪಾಟ್ ಸುಮಾರಿನದ್ದು, ಜಪಾನಿನ ಆಲ್ಪ್ಸ್ ಕಂಪನಿಯ ನೀಲಿ ಪಾಟ್ ಅಂತ ಹೇಳಿ ನಕಲಿ ಹಾಕೋರು ಬೇಕಾದಷ್ಟು ಜನ. ಕೇಳೋಕೆ ನಿಮ್ಮದೇ ಎಲ್‌ಪಿ ಒಂದು ತನ್ನಿ, ತಬಲಾ ಡಗ್ಗಾ ಚೆನ್ನಾಗಿ ಬಂದಿರೋದು.

ಮೊದಲು ಸೂಜಿ ಬದಲಾಯಿಸಿ ಒಂದು ತಿಂಗಳು ಕೇಳಿ, ಆ ತಾರ ಷಡ್ಜ ಏನಾಯ್ತು ಅಂತ ನಂಗೂ ಬರೀರಿ. ಅದಾದ ಮೇಲೂ ಟ್ಯೂಬ್ ಬೇಕು ಅನ್ಸಿದ್ರೆ ಆ ಬೆಂಗಳೂರಿನವರಿಗೆ ಅಡ್ವಾನ್ಸ್ ಕೊಡೋ ಮುಂಚೆ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಅಂತ ಫೋನ್‌ನಲ್ಲೇ ಕೇಳಿ, "ಅದೆಲ್ಲ ನಿಮಗ್ಯಾಕೆ ಸಾರ್, ದನಿ ಕೇಳಿ" ಅಂದ್ರೆ ನಮಸ್ಕಾರ ಹೇಳಿ ಇಟ್ಬಿಡಿ.